ಮೂಗಣ್ಣನಿಗೆ ಕಲಿಸಿದವರು

ಮಂಟಿಪುರಕ್ಕೆ ಹೆಣ್ಣು ನೋಡಲು ಬಂದವರು ಊಟ ಮಾಡಿಕೊಂಡು ಹೋದದ್ದು ಆ ವರ್ಷವೇ ಮೊದಲು. ಅಲ್ಲಿಯವರೆಗೆ ಬಂದವರೆಲ್ಲ ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡೇ ಹುಡುಗಿಯ ಹೆಸರು ಕೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಬಸ್ಸಿನ ಕಂಡಕ್ಟರುಗಳು ಈ ಊರಿನ ಹೆಸರನ್ನು ಕೂಗುತ್ತಲೇ ಇರಲಿಲ್ಲ. "ಮೂಗು ಮುಚ್ಕೊಳ್ರಪ್ಪ, ಬಂತು" ಎಂದರೆ ಸಾಕು, ಇಳಿಯಬೇಕಾದವರು ಚೀಲ ಹುಡುಕಿಕೊಳ್ಳುತ್ತಿದ್ದರು.

ಕೆರೆಯ ಆಚೆ ದಂಡೆಯಲ್ಲಿ ಬಿದಿರಿನಿಂದ ನೂಲು ತೆಗೆಯುವ ಕಾರ್ಖಾನೆ ಇತ್ತು. ಅದರ ಬಟ್ಟೆಗೆ ದೂರದ ಊರುಗಳಲ್ಲಿ 'ಹಸಿರು ಬಟ್ಟೆ' ಎಂದು ಹೆಸರು. ಬಿದಿರಿನ ತಿರುಳನ್ನು ಕರಗಿಸುವ ಗಂಧಕದ ದ್ರಾವಣದಿಂದ ಏಳುವ ಗಾಳಿ ಮಾತ್ರ ಮಂಟಿಪುರದ ಪಾಲು. ಕೊಳೆತ ಮೊಟ್ಟೆಯ ಆ ನಾತ ಒಗೆದ ಬಟ್ಟೆಯಲ್ಲಿ, ತಲೆದಿಂಬಿನಲ್ಲಿ, ಮುಚ್ಚಿಟ್ಟ ಮೊಸರಿನಲ್ಲಿ ಸೇರಿಕೊಂಡಿರುತ್ತಿತ್ತು.

ಈಗ ಅದು ಹೋಗಿತ್ತು. ಹೋಗಿ ಎಂಟು ತಿಂಗಳಾಗಿತ್ತು.

"ಮಂಗಳಾ ಟೀಚರೇ, ಹೋಳಿಗೇನ ಎರಡೆರಡು ಸಲ ಹಾಕಿಸ್ಕೊಂಡ್ರು ಕಣ್ರೀ!" ಪಕ್ಕದ ಮನೆಯ ಜಯಶೀಲಮ್ಮ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದರು. ಮಗಳನ್ನು ನೋಡಿಕೊಂಡು ಹೋದವರ ಎಲೆಗಳನ್ನು ಇನ್ನೂ ಎತ್ತಿರಲಿಲ್ಲ. "ಹುಡುಗನ ತಾಯಿ ಏನಂದ್ರು ಗೊತ್ತಾ? ನಿಮ್ಮೂರ ಗಾಳೀಲಿ ಏನೋ ಒಂಥರಾ ನೆಮ್ಮದಿ ಇದೆ ಅಂದ್ರು. ಎಲ್ಲಾ ನಿಮ್ಮ ಶಾಲೆ ಮಕ್ಕಳ ಪುಣ್ಯ. ಅವ್ರ ಬಾಯಿಗೆ ಸಕ್ಕರೆ ಹಾಕ್ಬೇಕು."

ಸರ್ವಮಂಗಳಾ ನಕ್ಕು ತಲೆಯಾಡಿಸಿದಳು. ಅವಳನ್ನು ನೋಡಲೂ ಒಂದು ಕಾಲಕ್ಕೆ ಮೂರು ಮನೆಯವರು ಬಂದಿದ್ದರು. ಮೂರನೆಯ ಮನೆಯ ಹುಡುಗ ಜಗಲಿಯಲ್ಲೇ ವಾಂತಿ ಮಾಡಿಕೊಂಡಿದ್ದ. ಅದಾದ ಮೇಲೆ ಅವಳು ಸೀರೆ ಉಟ್ಟು ಯಾರ ಮುಂದೆಯೂ ಬಂದು ಕೂರಲಿಲ್ಲ. ಅಮ್ಮ ತೀರಿಕೊಂಡಾಗ ನಾಲ್ಕು ವರ್ಷದವಳಾಗಿದ್ದ ತಂಗಿ ದಾಕ್ಷಾಯಿಣಿಯನ್ನು ಓದಿಸಿದಳು. ತಾನು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ಈಗ ಅವಳಿಗೆ ನಲವತ್ತಾರು. ಇನ್ನೊಬ್ಬರ ಮನೆಯ ಹುಡುಗಿ ಅಲಂಕಾರ ಮಾಡಿಕೊಂಡು ಕೂತದ್ದು ದಂಡವಾಗಲಿಲ್ಲ ಎಂಬುದೇ ತನಗೆ ಇಷ್ಟು ಸುಖ ಕೊಡಬಹುದೆಂದು ಅವಳು ಎಣಿಸಿರಲಿಲ್ಲ.

ಮಕ್ಕಳು ಆ ಪುಣ್ಯ ಕಟ್ಟಿಕೊಂಡದ್ದು ಒಂದು ಪೆಟ್ಟಿಗೆಯಿಂದ, ಅದನ್ನು ಶಾಲೆಗೆ ತಂದುಕೊಟ್ಟವಳು ದಾಕ್ಷಿಯೇ. ಅವಳು ಕಾರ್ಖಾನೆಯ ಪರಿಸರ ವಿಭಾಗದಲ್ಲಿ ರಸಾಯನಶಾಸ್ತ್ರಜ್ಞೆ. ಊಟದ ಡಬ್ಬಿಯಷ್ಟು ದೊಡ್ಡದಾದ ಪೆಟ್ಟಿಗೆ, ಮುಂದೆ ಒಂದು ಜಾಲರಿ, ಪಕ್ಕದಲ್ಲಿ ಮಾತಾಡಲು ಒಂದು ತೂತು. ಜಾಲರಿ ಗಾಳಿಯಲ್ಲಿ ಏನೇನಿದೆ ಎಂದು ಅಳೆಯುತ್ತದೆ. ಮಕ್ಕಳು ಅದೇ ಗಾಳಿಯನ್ನು ಮೂಸಿ ತಮಗೆ ಏನನ್ನಿಸಿತೆಂದು ಹೇಳುತ್ತಾರೆ. ಎರಡನ್ನೂ ಜೋಡಿಸಿ ನೋಡುತ್ತ ನೋಡುತ್ತ ಯಂತ್ರ ಮನುಷ್ಯರ ಹಾಗೆ ಮೂಸುವುದನ್ನು ಕಲಿಯುತ್ತದೆ. ದೊಡ್ಡವರ ಮೂಗು ಊರಿನ ನಾತಕ್ಕೆ ಒಗ್ಗಿ ಮೊಂಡಾಗಿರುತ್ತದೆ, ಅದಕ್ಕೇ ಮಕ್ಕಳು ಬೇಕು ಎಂದಿದ್ದಳು ದಾಕ್ಷಿ. ಎಂಟನೇ ತರಗತಿಯವರು ಪೆಟ್ಟಿಗೆಗೆ ಮೂಗಣ್ಣ ಎಂದು ಹೆಸರಿಟ್ಟರು.

ಮಂಗಳಾ ಅದರ ಸುತ್ತ ಒಂದು ಪಾಠವನ್ನೇ ಕಟ್ಟಿದಳು. ಶನಿವಾರಗಳಲ್ಲಿ ಮಕ್ಕಳನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಗಾಳಿ ಎತ್ತಲಿಂದ ಎತ್ತ ಬೀಸುತ್ತದೆ, ತಗ್ಗಿನಲ್ಲಿರುವ ತಮ್ಮ ಶಾಲೆಯಲ್ಲೇ ಏಕೆ ಅದು ನಿಂತುಬಿಡುತ್ತದೆ ಎಂದು ತೋರಿಸಿದಳು. ಯಾರ ಬೀದಿಯಲ್ಲಿ ಯಾವ ಹೊತ್ತಿಗೆ ಎಂಥ ವಾಸನೆ ಎಂದು ಊರಿನ ನಕ್ಷೆ ಬರೆಸಿದಳು. ಅವಳದು ಒಂದೇ ಹಟ. "ಕೆಟ್ಟ ವಾಸನೆ ಅನ್ನೋದು ಸೋಮಾರಿಗಳ ಮಾತು. ಯಾವುದರ ಹಾಗಿದೆ ಹೇಳಿ. ಮೂಗು ಸುಳ್ಳು ಹೇಳಲ್ಲ, ನೀವೂ ಹೇಳಬೇಡಿ."

"ದೀಪಾವಳಿ ಮಾರನೇ ದಿನದ ಬೀದಿ ಥರ ಟೀಚರ್."

"ನಮ್ಮಜ್ಜಿ ಹಲ್ಲಿನ ಸೆಟ್ಟು ನೆನೆಹಾಕಿದ ಲೋಟದ ಥರ."

"ಚಂದನ್ ಸಾಕ್ಸ್ ಥರ!"

"ಲೇ, ನಿನ್ನ ಟಿಫನ್ ಬಾಕ್ಸ್ ಥರ ಕಣೇ."

ತರಗತಿ ಗೊಳ್ಳೆಂದು ನಗುತ್ತಿತ್ತು. ಎಲ್ಲರಿಗಿಂತ ಚುರುಕು ಮೂಗು ಮೋನಿಷಾಳದು. ಕಾರ್ಖಾನೆಯ ಕವಾಟ ತೆರೆದದ್ದನ್ನು ಸೈರನ್ನಿಗಿಂತ ಮೊದಲೇ ಹೇಳುತ್ತಿದ್ದಳು. ಹೆಸರಿಡುವುದು ಹೇಗೆಂದು ತೋರಿಸಲು ಮಂಗಳಾ ಒಮ್ಮೆ ತಾನೇ ಪೆಟ್ಟಿಗೆಯ ಮುಂದೆ ಕೂತು, ತನಗೆ ಲೋಕದಲ್ಲೇ ಇಷ್ಟವಾದ ವಾಸನೆಯನ್ನು ಬಣ್ಣಿಸಿದ್ದಳು. ಅಮ್ಮ ಸೀಗೆಕಾಯಿ ಹಾಕಿ ತಲೆ ಎರೆದುಕೊಂಡು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕೂದಲು ಹರಡಿಕೊಂಡು ಮಲಗುತ್ತಿದ್ದಳು. ಆಗ ಹೋಗಿ ಅವಳ ಕತ್ತಿನ ಹತ್ತಿರ ಮುಖ ಇಟ್ಟರೆ ಬರುವ ವಾಸನೆ. ಮಕ್ಕಳು ಸುಮ್ಮನೆ ಕೂತು ಕೇಳಿದ್ದರು. ದಾಕ್ಷಿ ಆ ಪಾಠವನ್ನು ಫೋನಿನಲ್ಲಿ ವೀಡಿಯೊ ಮಾಡಿಕೊಂಡಿದ್ದಳು.

ಅದಾದ ಮೇಲೆ ಮನೆಯಲ್ಲಿ ಅಕ್ಕತಂಗಿಯರ ಒಂದು ಆಟ ಶುರುವಾಯಿತು. ದಾಕ್ಷಿ ಸಂಜೆ ಬರುವಾಗ ಚಿಕ್ಕ ಚಿಕ್ಕ ಬಾಟಲಿ ತರುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು, "ಅಕ್ಕ, ಕಣ್ಮುಚ್ಚು. ಇದಾ?" ಎನ್ನುತ್ತಿದ್ದಳು.

"ಅಲ್ವೇ. ಇದು ಪೂಜೆ ಸಾಮಾನಿನ ಅಂಗಡಿ. ಸೀಗೆಕಾಯಿ ಎಲ್ಲೇ?"

"ಇದು?"

"ಹತ್ರ ಬಂತು. ಹೊಗೆ ಜಾಸ್ತಿ. ಒದ್ದೆ ಕೂದಲಿನ ತಂಪು ಬೇಕು."

ದಾಕ್ಷಿಗೆ ಅಮ್ಮನ ಮುಖವೇ ಸರಿಯಾಗಿ ನೆನಪಿರಲಿಲ್ಲ. ಅಕ್ಕನ ಮೂಗಿನಿಂದ ಅಮ್ಮನನ್ನು ಹುಡುಕುತ್ತಿದ್ದಾಳೆ ಪಾಪ ಎಂದು ಮಂಗಳಾ ರೊಟ್ಟಿ ತಟ್ಟುವುದನ್ನು ಬಿಟ್ಟು, ಕೈ ತೊಳೆದು ಮೂಸುತ್ತಿದ್ದಳು. ಬಹಳ ವರ್ಷಗಳ ನಂತರ ಆ ಮನೆಯಲ್ಲಿ ಇಬ್ಬರೂ ಅಷ್ಟು ನಕ್ಕದ್ದು ಆ ಸಂಜೆಗಳಲ್ಲೇ.

ಆಮೇಲೆ ಒಂದು ದಿನ ಊರಿನ ನಾತ ನಿಂತಿತು. ಕಾರ್ಖಾನೆ ಹೊಸ ಶುದ್ಧೀಕರಣ ವ್ಯವಸ್ಥೆ ಹಾಕಿದೆ, ಮೂಗಣ್ಣನಿಗೆ ಮಕ್ಕಳು ಹೇಳಿದ್ದರಿಂದಲೇ ಅದು ಸಾಧ್ಯವಾಯಿತು ಎಂದು ಸಭೆ ಮಾಡಿ ಹೇಳಿದರು. ಮಕ್ಕಳಿಗೆ ಶಾಲು ಹೊದಿಸಿದರು. ಬೆಳಿಗ್ಗೆ ಮೂಸಿ ಹೇಳುವ ಕೆಲಸ ಮಾತ್ರ ನಿಲ್ಲಬಾರದು, ಏನಾದರೂ ಉಳಿದಿದ್ದರೆ ಗೊತ್ತಾಗಬೇಕಲ್ಲ ಎಂದರು. ಮಂಗಳಾಳಿಗೆ ಆ ದಿನಗಳಲ್ಲಿ ಇನ್ನೊಂದು ಗುಟ್ಟಿನ ಸುಖವೂ ಇತ್ತು. ಮುಸ್ಸಂಜೆ ಹಿತ್ತಲಿಗೆ ಹೋದರೆ, ತಂತಿಯಿಂದ ಬಟ್ಟೆ ತೆಗೆಯುವಾಗ, ಎಲ್ಲೋ ಅಮ್ಮ ಹಾದುಹೋದಂತೆ ಆಗುತ್ತಿತ್ತು. ವಯಸ್ಸಾಗುತ್ತ ಹೀಗಾಗುತ್ತದೇನೋ ಎಂದುಕೊಂಡಳು. ಒಂದೆರಡು ಸಲ ಅತ್ತಳು ಕೂಡ. ದಾಕ್ಷಿಗೆ ಹೇಳಲಿಲ್ಲ.

ಅವಳನ್ನು ಮೊದಲು ಎಚ್ಚರಿಸಿದ್ದು ಕೊರಳಿನ ಕರಡಿಗೆ. ಸೋಮವಾರ ಲಿಂಗಪೂಜೆಗೆ ಮೊದಲು ಅವಳು ಇಷ್ಟಲಿಂಗದ ಆ ಬೆಳ್ಳಿಯ ಭರಣಿಯನ್ನು ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು. ನಾತದ ಕಾಲದಲ್ಲಿ ಒಂದು ಸೋಮವಾರ ತಿಕ್ಕಿದರೆ ತಿಂಗಳು ಬರುತ್ತಿತ್ತು. ಈಗ ವಾರ ತುಂಬುವುದರೊಳಗೆ ಕಾಡಿಗೆ ಬಳಿದಂತಾಗುತ್ತಿತ್ತು. ಬೆಳ್ಳಿ ಕಪ್ಪಾಗುವುದು ಗಂಧಕದ ಗಾಳಿಗೆ ಎಂದು ವರ್ಷ ವರ್ಷ ಪಾಠ ಮಾಡಿದವಳು ಅವಳೇ.

"ಕರಡಿಗೆ ಕಪ್ಪಾಗ್ತಿದೆ ಕಣೇ ದಾಕ್ಷಿ."

"ಬೆವರಿಗಿರ್ಬೇಕು. ಸೋಪು ಬದಲಾಯ್ಸು." ದಾಕ್ಷಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಿಂದೂ ಹಂಗೇ ಆಗಿದ್ಯಾ?"

"ನಾನು ಮರದ್ದು ಮಾಡಿಸ್ಕೊಂಡೆನಲ್ಲ. ಲ್ಯಾಬಲ್ಲಿ ಲೋಹ ಹಾಕಬಾರ್ದು."

ತಂಗಿ ಮರದ ಕರಡಿಗೆ ಹಾಕಿಕೊಂಡು ಎಂಟು ತಿಂಗಳಾಯಿತೆಂಬುದು ಮಂಗಳಾಳಿಗೆ ಆ ರಾತ್ರಿ ಪಾತ್ರೆ ಬೋರಲು ಹಾಕುವಾಗ ಹೊಳೆಯಿತು. ಹೊಳೆದದ್ದನ್ನು ಅವಳು ಪಕ್ಕಕ್ಕೆ ಸರಿಸಿದಳು. ತಾನೇ ಜಡೆ ಹಾಕಿ ಬೆಳೆಸಿದವಳ ಮೇಲೆ ಅನುಮಾನಪಡಲು ಮನಸ್ಸಿಗೆ ಒಂದು ಧೈರ್ಯ ಬೇಕು.

ಆದರೆ ಶಾಲೆಯಲ್ಲಿ ಮಕ್ಕಳು ತೂಕಡಿಸುತ್ತಿದ್ದರು. ಮೊದಲ ಪಿರಿಯಡ್ಡಿಗೇ ತಲೆನೋವೆಂದು ಬೆಂಚಿನ ಮೇಲೆ ಹಣೆ ಇಡುತ್ತಿದ್ದರು. ಕಣ್ಣು ಕೆಂಪಾದವರು ಹಲವರು. ರಾತ್ರಿಯೆಲ್ಲಾ ಮೊಬೈಲು ನೋಡ್ತಾರೆ ಎಂದರು ಹೆಡ್‌ಮಾಸ್ಟರು. ಮೋನಿಷಾ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿದಾಗ, "ಏನೂ ವಾಸನೆ ಇರ್ಲಿಲ್ಲ ಟೀಚರ್, ನಾನು ಮೂಸಿ ನೋಡೇ ನಿಂತಿದ್ದೆ" ಎಂದಳು, ತನ್ನ ಕೆಲಸದಲ್ಲೇ ತಪ್ಪಾಯಿತೇನೋ ಎನ್ನುವಂತೆ. ಮಂಗಳಾ ಆ ಮಧ್ಯಾಹ್ನವೇ ರಜೆ ಹಾಕಿ ಕಾರ್ಖಾನೆಗೆ ಹೋದಳು.

ಗೇಟಿನಲ್ಲಿ ಎಲ್ಲರಿಗೂ ಅವಳ ಗುರುತಿತ್ತು. "ಮೇಡಂ ನಿಯಂತ್ರಣ ಕೊಠಡೀಲಿದಾರೆ, ಹೋಗಿ ಟೀಚರ್" ಎಂದು ಒಳಗೆ ಬಿಟ್ಟರು. ಉದ್ದನೆಯ ಓಣಿ. ಅರ್ಧ ದಾರಿಯಲ್ಲಿ ಅವಳ ಕಾಲು ನಿಂತಿತು. ಅಮ್ಮ. ಹಿತ್ತಲಿನಲ್ಲಿ ಬರುವಂತೆ ಸುಳಿದು ಹೋಗುವ ಅಮ್ಮ ಅಲ್ಲ, ಈಗಷ್ಟೇ ತಲೆ ಎರೆದುಕೊಂಡು ಎದ್ದು ಬಂದು ಎದುರಿಗೆ ನಿಂತಂಥ ಅಮ್ಮ. ಒದ್ದೆ ಕೂದಲು, ಸೀಗೆಕಾಯಿ, ಸಾಂಬ್ರಾಣಿ, ಬುಟ್ಟಿಯ ಬಿಸಿ ಬಿದಿರು. ಅವಳು ಸಣ್ಣ ಹುಡುಗಿಯ ಹಾಗೆ ವಾಸನೆ ಹಿಡಿದು ಹೋದಳು. ಓಣಿಯ ಕೊನೆಯಲ್ಲಿ ಒಂದು ಉಗ್ರಾಣ. ಚಾವಣಿಯವರೆಗೆ ಪೇರಿಸಿದ ನೀಲಿ ಡ್ರಮ್ಮುಗಳು. ಒಂದರ ಮುಚ್ಚಳ ಸಡಿಲವಾಗಿ ಬಾಯಲ್ಲಿ ಎಣ್ಣೆಯಂಥದ್ದು ಜಿನುಗಿತ್ತು.

"ಅಕ್ಕ." ದಾಕ್ಷಿ ಹಿಂದೆ ನಿಂತಿದ್ದಳು. "ಇಲ್ಲಿಗ್ಯಾಕೆ ಬಂದೆ?"

ಮಂಗಳಾ ಡ್ರಮ್ಮಿನ ಕಡೆ ಕೈ ತೋರಿಸಿದಳು.

ದಾಕ್ಷಿ ಅವಳನ್ನು ನಿಯಂತ್ರಣ ಕೊಠಡಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಗೋಡೆಯ ತುಂಬ ಪರದೆಗಳು. ಒಂದರಲ್ಲಿ ಶಾಲೆಯ ಮಕ್ಕಳ ಅವತ್ತಿನ ಬೆಳಗಿನ ಮಾತುಗಳು ಸಾಲಾಗಿ ಹೊಳೆಯುತ್ತಿದ್ದವು.

"ಮೂಗಲ್ಲಿ ನಾನೂರು ಥರದ ಬೀಗ ಇವೆ ಅನ್ಕೊ," ದಾಕ್ಷಿ ಮೆಲ್ಲಗೆ ಹೇಳಿದಳು, ಚಿಕ್ಕಂದಿನಲ್ಲಿ ಅಕ್ಕನಿಗೆ ಪಾಠ ಒಪ್ಪಿಸುತ್ತಿದ್ದ ಧಾಟಿಯಲ್ಲೇ. "ಒಂದೊಂದು ವಾಸನೇನೂ ಒಂದಷ್ಟು ಬೀಗ ತೆಗೆಯುತ್ತೆ. ಗಂಧಕದ ಗಾಳಿ ಬರೋಕ್ಕೆ ಮುಂಚೆ ಬೇರೆ ಕೀಲಿ ಹೋಗಿ ಆ ಬೀಗಗಳಲ್ಲಿ ಕೂತ್ಬಿಟ್ರೆ, ಗಾಳಿ ಬಂದಿದ್ದು ಗೊತ್ತೇ ಆಗಲ್ಲ. ಯಾವ ಕೀಲಿ ಅನ್ನೋದನ್ನ ಮಕ್ಕಳ ಮಾತಿಂದ ಕಂಡುಹಿಡಿದ್ವಿ. ಸರಿಯಾಗಿ ಕೂತಿದ್ದು ನೀನು ಹೇಳಿದ ಅಮ್ಮನ ವಾಸನೆ, ಡ್ರಮ್ಮಲ್ಲಿರೋದು ಅದೇ, ಸ್ವಲ್ಪ ಸ್ವಲ್ಪ ಊರ ಗಾಳಿಗೆ ಬಿಡ್ತೀವಿ. ಹವೆ ಬದಲಾದ ಹಾಗೆ ಅದನ್ನ ದಿನಾ ಸ್ವಲ್ಪ ತಿದ್ದಬೇಕು. ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ಅವ್ರನ್ನ ಕೇಳೋದು."

"ಗಾಳಿ ಕಮ್ಮಿ ಆಗಿಲ್ವಾ?"

"ನಾನು ಮೂರು ವರ್ಷ ಹೇಳ್ದೆ ಅಕ್ಕ, ಗಾಳಿ ಕಮ್ಮಿ ಮಾಡಿ ಅಂತ. ಯಾರೂ ಕೇಳ್ಲಿಲ್ಲ."

"ಅದಕ್ಕೆ ಮೂಗನ್ನ ಕಮ್ಮಿ ಮಾಡಿದ್ಯಾ?"

"ಎಲ್ಲಾ ಮಿತಿಯೊಳಗೇ ಇತ್ತು..."

"ಇತ್ತು?"

ದಾಕ್ಷಿ ಪರದೆಯ ಕಡೆ ತಿರುಗಿದಳು. ದೂರು ನಿಂತ ಮೇಲೆ ಇಲ್ಲೇ ಎರಡನೇ ಘಟಕಕ್ಕೆ ಅನುಮತಿ ಸಿಕ್ಕಿ, ಗಂಧಕದ ಗಾಳಿ ದುಪ್ಪಟ್ಟಾಗಿತ್ತು. ಆಕ್ಷೇಪಣೆ ಇದ್ದವರು ಬನ್ನಿ ಎಂದರೆ ಊರಿನಿಂದ ಯಾರೂ ಹೋಗಿರಲಿಲ್ಲ. ಮಂಗಳಾಳೂ ಹೋಗಿರಲಿಲ್ಲ. ಅವತ್ತು ಮಕ್ಕಳಿಗೆ ಶಾಲು ಹೊದಿಸುವ ಸಭೆ ಇತ್ತು.

"ನಿನ್ನ ನೋಡೋಕೆ ಬಂದೋರೆಲ್ಲ ಮೂಗು ಮುಚ್ಕೊಂಡು ಹೋದ್ರಲ್ಲ, ನಾನು ಬಾಗಿಲ ಸಂದೀಲಿ ನಿಂತು ನೋಡಿದೀನಿ," ದಾಕ್ಷಿ ಅಕ್ಕನ ಕಡೆ ತಿರುಗಿದಳು. "ಈಗ ಊರಲ್ಲಿ ಎಷ್ಟು ಮದುವೆ ಆಗ್ತಿವೆ ನೋಡು. ಆ ಕೀಲಿ ಸರಿಯಾಗಿ ಕೂತ ದಿನ ನಾನಿಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಅಮ್ಮ ಹೆಂಗಿದ್ಲು ಅಂತ ನಂಗೆ ಗೊತ್ತಾಗಿದ್ದೇ ಆವತ್ತು ಅಕ್ಕ."

ಮಂಗಳಾ ಎದ್ದಳು. ಬೈಯಬೇಕೆನ್ನಿಸಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕಾಲಾಡಿಸುತ್ತ ಕೂತಿದ್ದ ತಂಗಿ, 'ಇದಾ? ಇದಾ?' ಎಂದು ಕೇಳುತ್ತಿದ್ದ ತಂಗಿ, ಆಗಲೇ ಎಲ್ಲ ಗೊತ್ತಿದ್ದೂ ನಗುತ್ತಿದ್ದಳಲ್ಲ ಎಂಬುದೊಂದೇ ಎದೆಯಲ್ಲಿ ಮುಳ್ಳಾಗಿ ನಿಂತಿತು. ಕಸಿದುಕೊಂಡು ಹೋಗಿದ್ದರೆ ಕಳ್ಳಿ ಎನ್ನಬಹುದಿತ್ತು. ಇವಳು ಕೇಳಿ ಪಡೆದಿದ್ದಳು. ತಾನು ಕೈ ತೊಳೆದುಕೊಂಡು ಕೊಟ್ಟಿದ್ದಳು.

ಮಾರನೆಯ ದಿನ ಅವಳು ತರಗತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೀಗ, ಕೀಲಿ, ಡ್ರಮ್ಮು, ಎರಡನೇ ಘಟಕ. ನಿಮ್ಮ ಮೂಗನ್ನು ನಂಬಬೇಡಿ, ತಲೆ ಭಾರವಾದರೆ, ಕಣ್ಣು ಉರಿದರೆ ಏರಿ ಹತ್ತಿ ಎತ್ತರಕ್ಕೆ ಹೋಗಿ ಎಂದಳು. ಹೇಳುತ್ತಿದ್ದಂತೆ ತಾನು ಎರಡು ವರ್ಷ ಕಲಿಸಿದ್ದನ್ನು ತಾನೇ ಅಳಿಸುತ್ತಿದ್ದೇನೆ ಅನ್ನಿಸಿತು.

ಮೋನಿಷಾ ಎದ್ದು ನಿಂತಳು. "ನಿಮ್ಗೂ ಗೊತ್ತಿತ್ತಾ ಟೀಚರ್?"

"ಇಲ್ಲ ಮರಿ."

"ನಿಮ್ಮ ತಂಗೀನೇ ಅಲ್ವಾ? ಒಂದೇ ಮನೇಲಿ ಇರೋದು?"

ಮಂಗಳಾ ಹೌದೆಂದಳು. ಹುಡುಗಿ ಅವಳನ್ನೇ ನೋಡಿದಳು. ಮೂಸಿ ನೋಡಿ ಹೆಸರು ಹುಡುಕುವಾಗ ನೋಡುತ್ತಿದ್ದಳಲ್ಲ, ಹಾಗೆ. ನಂತರ ಕೂತಳು.

ಮರುದಿನ ಬೆಳಿಗ್ಗೆ ಒಬ್ಬರೂ ಮೂಗಣ್ಣನ ಹತ್ತಿರ ಹೋಗಲಿಲ್ಲ. ಸುಳ್ಳು ಹೇಳೋಣ ಎಂದು ಚಂದನ್ ಹೊರಟಿದ್ದನಂತೆ, ಬೇಡ, ಸುಮ್ಮನಿದ್ದುಬಿಡೋಣ ಎಂದು ಮೋನಿಷಾ ತಡೆದಳಂತೆ. ಹೆಡ್‌ಮಾಸ್ಟರು ಗದರಿದರು. ಮಕ್ಕಳು ಪೆಟ್ಟಿಗೆಯ ಮುಂದೆ ಬಾಯಿ ಬಿಗಿದು ನಿಂತರು. ಮಂಗಳಾಳ ಜೊತೆಗೂ ಅವರು ಬೇಕಾದಷ್ಟೇ ಮಾತಾಡಿದರು. ಅಷ್ಟರಲ್ಲಿ ಮಳೆ ಮುಗಿದು ಮೂಡಣ ಗಾಳಿ ತಿರುಗಿತು. ತಿದ್ದುವವರಿಲ್ಲದ ಕೀಲಿ ಬೀಗಕ್ಕೆ ಹೊಂದದೆ ಸಡಿಲವಾಯಿತು. ಶನಿವಾರ ಬೆಳಗಿನ ಹೊತ್ತಿಗೆ ಹಳೆಯ ನಾತ, ಮೊದಲಿಗಿಂತ ದುಪ್ಪಟ್ಟಾಗಿ, ಮಂಟಿಪುರದ ಮೇಲೆ ಕುಳಿತಿತ್ತು.

ಮಂಗಳಾ ಮಕ್ಕಳನ್ನು ಏರಿ ಹತ್ತಿಸಿ, ಶಾಲೆಗೆ ಬೀಗ ಹಾಕಿಸಿ ಮನೆಗೆ ಬರುವಾಗ ಜಯಶೀಲಮ್ಮ ಗೇಟಿನಲ್ಲೇ ಕಾದಿದ್ದರು. ಸೆರಗು ಮೂಗಿಗೆ ಒತ್ತಿದ್ದರು.

"ನಿಮಗೇನು ಬಂದಿತ್ತು ಟೀಚರೇ? ಚೆನ್ನಾಗಿತ್ತಲ್ಲ!"

"ಜಯಕ್ಕ, ಆಗ್ಲೂ ಇದೇ ಗಾಳಿ ಇತ್ತು. ಗೊತ್ತಾಗ್ತಿರ್ಲಿಲ್ಲ ಅಷ್ಟೆ. ಮಕ್ಕಳು ಬೀಳ್ತಿದಾರೆ."

"ಗೊತ್ತಾಗದೇ ಇದ್ದಿದ್ದೇ ಚೆನ್ನಾಗಿತ್ತು. ನಿಮ್ಗೆ ಮದುವೆಗೆ ಬಂದ ಒಬ್ಳು ಮಗಳು ಇದ್ದಿದ್ರೆ ತಿಳೀತಿತ್ತು." ಆ ಮಾತು ಎಲ್ಲಿ ತಾಗಿತೆಂದು ನೋಡಲೂ ನಿಲ್ಲದೆ ಅವರು ಬೀದಿಯವರ ಜೊತೆ ಕಾರ್ಖಾನೆಯ ಗೇಟಿಗೆ ಹೊರಟರು. ಊರಿಗೆ ಊರೇ ಹೊರಟಿತ್ತು. ಅವರ ಬೇಡಿಕೆ ಏನೆಂದು ಮಂಗಳಾಳಿಗೆ ಕೂಗಿನಲ್ಲಿ ಕೇಳಿಸಿತು. ಮೊದಲಿನ ಹಾಗೇ ಮಾಡಿ. ಆ ಒಳ್ಳೆಯದನ್ನು ಮತ್ತೆ ಬಿಡಿ.

ಮಧ್ಯಾಹ್ನಕ್ಕೆ ಮುಂಚೆಯೇ ದಾಕ್ಷಿ ಮನೆಗೆ ಬಂದಳು. ಹಿಂದಿನ ಗೇಟಿನಿಂದ ಕಳಿಸಿದ್ದರಂತೆ. ನಾಲ್ಕೈದು ದಿನದಿಂದ ಇಬ್ಬರೂ ಒಂದೇ ಒಲೆಯಲ್ಲಿ ಬೇರೆ ಬೇರೆ ಹೊತ್ತಿಗೆ ಅಡುಗೆ ಮಾಡಿಕೊಂಡಿದ್ದರು. ಅವಳು ನೀರು ಕುಡಿದು, ಲೋಟವನ್ನು ತೊಳೆದಿಟ್ಟು, ಗೋಡೆ ನೋಡುತ್ತ ಹೇಳಿದಳು.

"ಸೋಮವಾರದ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ ಅಕ್ಕ. ನಿಮ್ಮ ಶಾಲೆ ಮಕ್ಕಳು ಮಾತಾಡದೇ ಇದ್ರೂ ಪರವಾಗಿಲ್ಲ ಅಂದ್ರು ನಮ್ಮ ಮೇಲಿನೋರು. ನಮ್ಮ ಕಂಪನಿದು ಇನ್ನೊಂದು ಕಾರ್ಖಾನೆ ಇದ್ಯಲ್ಲ, ಅದರ ಪಕ್ಕ ಒಂದು ಶಾಲೆ ಇದೆ, ಕುಣಿಗೆರೇಲಿ. ಅಲ್ಲಿಗೆ ಪೆಟ್ಟಿಗೆ ಹೋಗಿ ತಿಂಗಳಾಯ್ತು. ಅಲ್ಲೂ ಇದೇ ಹವೆ. ಆ ಮಕ್ಕಳ ಮೂಗು ಇಲ್ಲಿಗೂ ಆಗುತ್ತೆ."

ಮಂಗಳಾ ತಂಗಿಯ ಬೆನ್ನನ್ನೇ ನೋಡಿದಳು. "ಇದನ್ನ ನಂಗ್ಯಾಕೆ ಹೇಳ್ತಿದೀಯ?"

ದಾಕ್ಷಿ ತನ್ನ ಫೋನು ತೆಗೆದು, ಒಂದು ನಂಬರು ಹುಡುಕಿ, ಕರೆ ಒತ್ತಿ, ಮೇಜಿನ ಮೇಲೆ ಇಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಪಶ್ಚಾತ್ತಾಪವೋ, ಸಾಕಾಗಿತ್ತೋ, ಅಕ್ಕನಿಂದ ಏನೂ ಆಗುವುದಿಲ್ಲವೆಂಬ ಭರವಸೆಯೋ ಮಂಗಳಾಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯೂ ಉಳಿದಿರಲಿಲ್ಲ.

"ಹಲೋ, ದಾಕ್ಷಾಯಿಣಿ ಮೇಡಂ?" ಎಳೆಯ ದನಿ, ಕುಣಿಗೆರೆ ಶಾಲೆಯ ಟೀಚರದು. ಹಿಂದೆ ಮಕ್ಕಳ ಗಲಾಟೆ.

"ಅಲ್ಲಮ್ಮ. ನಾನು ಅವಳ ಅಕ್ಕ. ಮಂಟಿಪುರದ ಶಾಲೆಯಿಂದ, ಸರ್ವಮಂಗಳಾ ಅಂತ."

"ಅಯ್ಯೋ, ಮಂಗಳಾ ಟೀಚರ್!" ಆ ಹುಡುಗಿ ಕಿರುಚಿದಂತೆಯೇ ಹೇಳಿದಳು. "ನಂಬೋಕಾಗ್ತಿಲ್ಲ. ನಿಮ್ಮ ಪಾಠದ ವೀಡಿಯೊ ತೋರಿಸಿಯೇ ನಾವಿಲ್ಲಿ ಶುರು ಮಾಡಿದ್ದು. ನಿಮ್ಮಮ್ಮನ ಕೂದಲಿನದು, ಬುಟ್ಟಿದು... ನಮ್ಮ ಮಕ್ಕಳು ಅದನ್ನ ಬಾಯಿಪಾಠ ಮಾಡ್ಕೊಂಡಿದಾರೆ. ಮೂಗು ಸುಳ್ಳು ಹೇಳಲ್ಲ, ನೀವೂ ಹೇಳಬೇಡಿ ಅಂತ ಗೋಡೆ ಮೇಲೆ ಬರೆಸಿದೀನಿ. ಈಗ್ಲೂ ಶನಿವಾರದ ತರಗತೀಲೇ ಇದೀವಿ. ಒಂದ್ನಿಮಿಷ ಮೇಡಂ, ಸ್ಪೀಕರ್ ಹಾಕ್ತೀನಿ, ಮಕ್ಕಳಿಗೆ ಒಂದು ಮಾತು ಹೇಳಿ. ಏಯ್, ಸುಮ್ನಿರ್ರೋ, ಮಂಗಳಾ ಟೀಚರ್!"

ಗಲಾಟೆ ಒಮ್ಮೆಗೇ ನಿಂತಿತು. ಕುಣಿಗೆರೆ ಎಲ್ಲಿದೆಯೆಂದು ಮಂಗಳಾಳಿಗೆ ಗೊತ್ತಿರಲಿಲ್ಲ. ಅಲ್ಲಿಯ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಿರುವುದು ಮಾತ್ರ ಫೋನಿನಲ್ಲಿ ಕೇಳಿಸುತ್ತಿತ್ತು. ಅವರೆಲ್ಲರಿಗೂ ಆಗಲೇ ಅವಳ ಮೇಲೆ ನಂಬಿಕೆ ಇತ್ತು.

"ಮಕ್ಕಳೇ," ಎಂದಳು. ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮಲ್ಲಿ ಇವತ್ತು ಯಾರ್ಯಾರಿಗೆ ತಲೆ ನೋಯ್ತಿದೆ, ಕೈ ಎತ್ತಿ. ಟೀಚರ್, ಎಷ್ಟು ಕೈ ಇವೆ ಅಂತ ನಂಗೆ ಹೇಳಿ."

ಆ ಕಡೆ ಟೀಚರು ನಗುತ್ತಲೇ ಎಣಿಸತೊಡಗಿದಳು; ಹತ್ತು ದಾಟುವಷ್ಟರಲ್ಲಿ ನಗು ನಿಂತಿತು, ಎಣಿಕೆ ನಿಲ್ಲಲಿಲ್ಲ.